ಹೂದೋಟಕ್ಕೆ ಬಿಟ್ಟ ನೆಲ

ಹೋದ ವರ್ಷ ಗೌರಿ ಹಬ್ಬಕ್ಕೆ ಅಜ್ಜಿಯ ಮನೆಗೆ ಹೋದಾಗ ಹಿತ್ತಲಿನ ಪಾರಿಜಾತದ ಬಗ್ಗೆ ಪಂಚಾಯಿತಿ ನಡೆಯುತ್ತಿತ್ತು. ಅರಸೀಕೆರೆ ತಾಲ್ಲೂಕಿನಲ್ಲಿ ಜಾವಗಲ್ ಹತ್ತಿರದ ಊರು ಅದು. ಹಿತ್ತಲೆಂದರೆ ನಾಲ್ಕು ತೆಂಗು, ಒಂದು ಕರಿಬೇವು, ಬಚ್ಚಲ ನೀರು ಹರಿಯುವ ಕಡೆ ಬಾಳೆ, ಗೋಡೆಯ ಪಕ್ಕದಲ್ಲಿ ನನ್ನಷ್ಟೇ ವಯಸ್ಸಾದ ಪಾರಿಜಾತ. ಮಾವನಿಗೆ ಟ್ರ್ಯಾಕ್ಟರ್ ನಿಲ್ಲಿಸಲು ಅಲ್ಲಿ ಶೀಟ್ ಹಾಕಿಸಬೇಕಿತ್ತು. ಗಿಡದ ಮೇಲೆ ಅವರ ಆರೋಪಗಳು ಬಹಳ. ಎಲೆಗಳ ತುಂಬ ಹುಳ, ಬುಡದಲ್ಲಿ ಕಸ, ಕಸದೊಳಗೆ ಹಾವು. ತಿನ್ನುವಂಥ ಕಾಯಿಲ್ಲ, ಹಣ್ಣಿಲ್ಲ, ತೊಲೆಗೆ ಆಗುವ ಮರವೂ ಅಲ್ಲ.

'ಹೂವಿಲ್ವೇನ್ಲಾ?' ಎಂದು ಅಜ್ಜಿ ಒಳಗಿನಿಂದಲೇ ಕೇಳಿದಳು.

ಮಾವ ಅದಕ್ಕೆ ಉತ್ತರ ಕೊಡದೆ ನನ್ನ ಕಡೆ ತಿರುಗಿದರು. 'ಅದೇನೋ ಹೊಯ್ಸಳರ ಹೂದೋಟ ಅಂತ ಪಿಎಚ್‌ಡಿ ಮಾಡ್ತಾ ಇದೀಯಲ್ಲವ್ವ, ನಿನ್ನ ಶಾಸನದಲ್ಲಿ ಪಾರಿಜಾತ ಐತಾ? ಐತೆ ಅನ್ನು, ಬುಡ್ತೀನಿ. ಶೀಟ್ ಆ ಕಡೆ ಹಾಕಿಸ್ತೀನಿ.'

ಅರ್ಧ ತಮಾಷೆಗೆ ಕೇಳಿದ್ದು. ಮನೆಯಲ್ಲಿ ಎಲ್ಲರೂ ನಕ್ಕರು. 'ಇದೆ' ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾಲ್ಕು ವರ್ಷದಿಂದ ನಾನು ಓದುತ್ತಿರುವುದು ಇದನ್ನೇ. ಆದರೂ ಬಾಯಿಂದ ಆ ಮಾತು ಹೊರಡಲಿಲ್ಲ.

ಯಾಕೆ ಹೊರಡಲಿಲ್ಲ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಕಡೆಯ ಶಾಸನಗಳನ್ನು ಮೊದಲು ಒಟ್ಟಾಗಿ ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟ, ಹಾಸನ ಜಿಲ್ಲೆಯದು, 1902ರಲ್ಲಿ ಬಂತು. ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದ ಸಂಪುಟಗಳಿವೆ. ಹೊಯ್ಸಳರ ಕಾಲದ ಒಂದು ದೊಡ್ಡ ದಾನಶಾಸನ ತೆರೆದರೆ ಅದರಲ್ಲಿ ಸಾಮಾನ್ಯವಾಗಿ ಎರಡು ಭಾಗ ಕಾಣುತ್ತವೆ. ಮೊದಲು ಪದ್ಯ: ದೇವರ ಸ್ತುತಿ, ರಾಜನ ವಂಶ, ದಾನಿಯ ಹೊಗಳಿಕೆ, ಊರಿನ ವರ್ಣನೆ. ಆಮೇಲೆ ಗದ್ಯ: ಯಾರು, ಯಾವ ತಿಥಿಯಲ್ಲಿ, ಯಾವ ದೇವರಿಗೆ, ಎಷ್ಟು ನೆಲ ಬಿಟ್ಟರು, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ.

ಊರಿನ ವರ್ಣನೆಗೆ ಬಂದರೆ ಹೂವುಗಳಿಗೆ ಬರವೇ ಇಲ್ಲ. ಮಲ್ಲಿಗೆ, ಸಂಪಗೆ, ಕೇದಗೆ, ಮಾವಿನ ಚಿಗುರು, ಕೋಗಿಲೆ, ದುಂಬಿ. ಓದಲು ಖುಷಿಯಾಗುತ್ತದೆ. ಆದರೆ ಇದೇ ಹೂಗಳು, ಇದೇ ದುಂಬಿಗಳು ಬನವಾಸಿಯ ಕಡೆಯ ಶಾಸನದಲ್ಲೂ ಇರುತ್ತವೆ, ಅರಸೀಕೆರೆಯ ಒಣನೆಲದ ಶಾಸನದಲ್ಲೂ ಇರುತ್ತವೆ. ಕವಿ ಹಿತ್ತಲಿಗೆ ಹೋಗಿ ನೋಡಿ ಬರೆದದ್ದಲ್ಲ, ಗುರುವಿನಿಂದ ಕಲಿತದ್ದನ್ನು ಬರೆದದ್ದು. ಗದ್ಯಕ್ಕೆ ಬಂದ ಕೂಡಲೇ ಮಾತು ಬದಲಾಗುತ್ತದೆ. ಮೂಡಲು ಇಂಥ ಹುತ್ತ, ತೆಂಕಲು ಹಳ್ಳ, ಪಡುವಲು ನೆಟ್ಟ ಕಲ್ಲು, ಬಡಗಲು ಯಾವುದೋ ದೊಡ್ಡ ಮರ. ಗದ್ದೆ ಇಷ್ಟು ಸಲಗೆ, ಬೆದ್ದಲೆ ಇಷ್ಟು. ಅಂಗಭೋಗ, ರಂಗಭೋಗ, ನಂದಾದೀವಿಗೆ, ಪೂಜಾರಿ, ಮಾಲೆಗಾರ ಎಂದು ಪಟ್ಟಿ ಹೋಗುತ್ತದೆ. ನಡುವೆ ಎಲ್ಲೋ ಒಂದು ಪದ: ಹೂದೋಟ, ಅಥವಾ ಹಳೆಯ ರೂಪದಲ್ಲಿ ಪೂದೋಂಟ. ಅಷ್ಟೇ. ಆ ತೋಟದಲ್ಲಿ ಏನಿತ್ತು ಎಂದು ಗದ್ಯ ಸಾಮಾನ್ಯವಾಗಿ ಹೇಳುವುದಿಲ್ಲ. ದಾನ ಕೊಟ್ಟವನಿಗೂ ಪಡೆದವನಿಗೂ ಗೊತ್ತಿದ್ದದ್ದನ್ನು ಕಲ್ಲಿನ ಮೇಲೆ ಕೆತ್ತಿಸುವ ಖರ್ಚು ಯಾಕೆ?

ಹೀಗಾಗಿ ಪದ್ಯದಲ್ಲಿ ಹೂವಿದೆ, ನೆಲವಿಲ್ಲ. ಗದ್ಯದಲ್ಲಿ ನೆಲವಿದೆ, ಹೂವಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಈ ದಾನಗಳದ್ದೊಂದು ದೊಡ್ಡ ತಖ್ತೆಯಿದೆ. ಊರು, ಕಾಲ, ದಾನಿ, ದೇವರು, ನೆಲದ ಅಳತೆ, ಗಿಡದ ಹೆಸರು. ಕೊನೆಯ ಕಾಲಂ ಹೆಚ್ಚೂಕಡಿಮೆ ಖಾಲಿ. 'ಖಾಲಿ ಕಾಲಂ ಯಾಕಮ್ಮಾ ಇಟ್ಟುಕೊಂಡಿದ್ದೀರಿ, ತೆಗೆದುಬಿಡಿ' ಎಂದು ನನ್ನ ಮಾರ್ಗದರ್ಶಕರು ಎರಡು ಸಲ ಹೇಳಿದ್ದಾರೆ. ಎರಡು ಸಲವೂ ಹೂಂಗುಟ್ಟಿ ಹಾಗೇ ಉಳಿಸಿಕೊಂಡಿದ್ದೇನೆ.

ಅರಸೀಕೆರೆಯನ್ನೇ ನೋಡಿ. ರೈಲು ಬದಲಿಸುವ ಜಂಕ್ಷನ್ನು, ಕೊಬ್ಬರಿ ಮಾರುಕಟ್ಟೆ ಎಂದು ನಮಗೆ ಗೊತ್ತಿರುವ ಈ ಊರಿನಲ್ಲಿ 1220ರ ಆಸುಪಾಸಿನಲ್ಲಿ ಎರಡು ದೊಡ್ಡ ಗುಡಿಗಳು ಎದ್ದವು. ಒಂದು, ನಕ್ಷತ್ರಾಕಾರದ ಮುಖಮಂಟಪವಿರುವ ಶಿವಾಲಯ. ಇನ್ನೊಂದು ಸಹಸ್ರಕೂಟ ಜಿನಾಲಯ. ಇದನ್ನು ಕಟ್ಟಿಸಿದವನು ರೇಚರಸ. ಮೊದಲು ಕಳಚುರಿಗಳ ದಂಡನಾಯಕನಾಗಿದ್ದು ಆಮೇಲೆ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದವನು, 'ವಸುಧೈಕಬಾಂಧವ' ಎಂದು ಬಿರುದು ಪಡೆದವನು. ಜಿನನ ಅಷ್ಟವಿಧಾರ್ಚನೆಗೆ, ಪೂಜೆ ಮಾಡುವವರ ಜೀವನಕ್ಕೆ, ಗುಡಿಯ ಜೀರ್ಣೋದ್ಧಾರಕ್ಕೆ ಎಂದು ಅವನು ದಾನ ಬಿಟ್ಟ. ಅಷ್ಟವಿಧಾರ್ಚನೆ ಎಂದರೆ ನೀರು, ಗಂಧ, ಅಕ್ಷತೆ, ಹೂವು, ನೈವೇದ್ಯ, ದೀಪ, ಧೂಪ, ಹಣ್ಣು. ಎಂಟರಲ್ಲಿ ಏಳನ್ನು ತಂದು ಕೂಡಿಡಬಹುದು. ಹೂವನ್ನು ಆಗುವುದಿಲ್ಲ. ಅದು ಪ್ರತಿ ಬೆಳಗ್ಗೆ ಹೊಸದಾಗಿ ಅರಳಿರಬೇಕು, ಗುಡಿಯಿಂದ ನಡೆದು ಹೋಗುವಷ್ಟು ದೂರದಲ್ಲೇ ಅರಳಿರಬೇಕು. ಮಳೆ ಕಡಿಮೆಯಿರುವ ಅರಸೀಕೆರೆಯಲ್ಲಿ ವರ್ಷದ ಮುನ್ನೂರರವತ್ತೈದು ದಿನ ಹೂ ಸಿಗಬೇಕಾದರೆ ಯಾರೋ ದಿನಾ ನೀರು ಹೊರುತ್ತಿದ್ದರು ಎಂದೇ ಅರ್ಥ. ನನ್ನ ಪ್ರಬಂಧದ ನಿಜವಾದ ವಿಷಯ ಆ ನೀರು ಹೊತ್ತವರು. ಅವರ ಹೆಸರೂ ಖಾಲಿ ಕಾಲಂನಲ್ಲೇ ಇದೆ.

ಶಾಸನ ಕೈಕೊಟ್ಟ ಮೇಲೆ ಶಿಲ್ಪದ ಕಡೆ ಹೋದೆ. ಬೇಲೂರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರನ್ನು ನೋಡದೆ ಬಂದವರಿಲ್ಲ. ಗೈಡುಗಳು ಕನ್ನಡಿ ಹಿಡಿದವಳನ್ನು, ಗಿಳಿಯೊಂದಿಗೆ ಮಾತಾಡುವವಳನ್ನು, ಕೋತಿ ಸೀರೆ ಎಳೆಯುತ್ತಿರುವವಳನ್ನು ತೋರಿಸುತ್ತಾರೆ. ನಾವು ಅವಳ ಮುಖ ನೋಡುತ್ತೇವೆ, ಬಳೆ ನೋಡುತ್ತೇವೆ. ಅವಳ ತಲೆಯ ಮೇಲೇನಿದೆ ಎಂದು ನೋಡುವಷ್ಟರಲ್ಲಿ ಕತ್ತು ನೋಯುತ್ತದೆ, ಗೈಡು ಮುಂದೆ ಹೋಗಿರುತ್ತಾನೆ.

ತಲೆಯ ಮೇಲಿರುವುದು ಬಳ್ಳಿ, ಎಲೆ, ಹೂವು, ಹಣ್ಣು. ಮದನಿಕೆಯರು ಎಲೆಚಪ್ಪರದ ಕೆಳಗೆ ನಿಂತಿದ್ದಾರೆ. ಆ ಚಪ್ಪರಗಳಲ್ಲೊಂದರಲ್ಲಿ ಹಣ್ಣಿನ ಮೇಲೆ ಒಂದು ನೊಣ ಕೂತಿದೆ. ಅದನ್ನು ಹಿಡಿಯಲು ಒಂದು ಹಲ್ಲಿ ಹೊಂಚು ಹಾಕಿದೆ. ಆರ್. ನರಸಿಂಹಾಚಾರ್ಯರು 1919ರಲ್ಲಿ ಪ್ರಕಟಿಸಿದ ಬೇಲೂರು ದೇವಾಲಯದ ಪುಸ್ತಕದಲ್ಲಿ ಇದನ್ನು ಬೆರಗಿನಿಂದ ಗುರುತಿಸಿದ್ದಾರೆ. ಎಲ್ಲರೂ ಇದನ್ನು ಕೆತ್ತನೆಯ ಸೂಕ್ಷ್ಮಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಅದು ನಿಜವೇ. ನನಗೆ ಕಂಡದ್ದು ಮಾತ್ರ ಬೇರೆ. ಈ ಶಿಲ್ಪಿ ತೋಟದಲ್ಲಿ ಸುಮ್ಮನೆ ಕೂತಿದ್ದವನು. ಹಣ್ಣು ಮಾಗಿದಾಗ ನೊಣ ಬರುತ್ತದೆ, ನೊಣ ಬಂದಲ್ಲಿ ಹಲ್ಲಿ ಬರುತ್ತದೆ ಎನ್ನುವುದು ಯಾವ ಶಿಲ್ಪಶಾಸ್ತ್ರದಿಂದಲೂ ಬಂದದ್ದಿರಲಾರದು. ಊರವರ್ಣನೆಯ ಪದ್ಯಗಳಲ್ಲಿ ಕೋಗಿಲೆಗೆ, ಹಂಸಕ್ಕೆ ಜಾಗವಿದೆ. ನೊಣಕ್ಕೆ ಇಲ್ಲ, ಹಲ್ಲಿಗಂತೂ ಇಲ್ಲವೇ ಇಲ್ಲ. ಕಲ್ಲಿನಲ್ಲಿ ಎರಡೂ ಇವೆ. ಹನ್ನೆರಡನೆಯ ಶತಮಾನದ ತೋಟದಲ್ಲಿ ಹುಳಹುಪ್ಪಟೆ ಇದ್ದವು, ಅವುಗಳನ್ನು ನೋಡುವ ಪುರುಸೊತ್ತು ಒಬ್ಬನಿಗಾದರೂ ಇತ್ತು ಎನ್ನುವುದಕ್ಕೆ ನನ್ನ ಬಳಿ ಇರುವ ಅತ್ಯಂತ ಗಟ್ಟಿ ಸಾಕ್ಷಿ ಇದೊಂದೇ.

ಅಲ್ಲಿಂದ ಹಳೇಬೀಡಿಗೆ ಬಂದರೆ ಹೊಯ್ಸಳೇಶ್ವರನ ಗೋಡೆಯ ಮೇಲೆ ಪಾರಿಜಾತವೇ ಇದೆ. ಕೃಷ್ಣ ಸ್ವರ್ಗದಿಂದ ಮರ ಕಿತ್ತು ತರುತ್ತಿರುವುದು, ಐರಾವತದ ಮೇಲೆ ಶಚಿಯೊಂದಿಗೆ ಕೂತ ಇಂದ್ರ ತಡೆಯಲು ಬಂದಿರುವುದು. ಸತ್ಯಭಾಮೆಗೆ ಮರ, ರುಕ್ಮಿಣಿಯ ಅಂಗಳಕ್ಕೆ ಹೂವು ಎನ್ನುವ ಮುಂದಿನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹಾಗಿದ್ದರೆ ಮಾವನಿಗೆ ಇದನ್ನೇ ಹೇಳಬಹುದಿತ್ತಲ್ಲ? ಶಾಸನದಲ್ಲಿಲ್ಲದಿದ್ದರೇನು, ಗೋಡೆಯ ಮೇಲಿದೆ ಎಂದು?

ಹೇಳಲಾಗಲಿಲ್ಲ. ಯಾಕೆಂದರೆ ಗೋಡೆಯ ಮೇಲಿನ ಪಾರಿಜಾತ ಅಜ್ಜಿಯ ಹಿತ್ತಲಿನ ಪಾರಿಜಾತವೇ ಎನ್ನುವುದು ಖಚಿತವಲ್ಲ. ಸಮುದ್ರ ಕಡೆದಾಗ ಹುಟ್ಟಿದ ದೇವತರುವಿನ ಹೆಸರನ್ನು ಭೂಮಿಯ ಮೇಲೆ ಬೇರೆ ಬೇರೆ ಕಾಲದ ಜನ ಬೇರೆ ಬೇರೆ ಮರಗಳಿಗೆ ಕೊಟ್ಟಿದ್ದಾರೆ. ಸಂಸ್ಕೃತದ ನಿಘಂಟುಗಳನ್ನೂ ವೈದ್ಯಗ್ರಂಥಗಳನ್ನೂ ಹಿಡಿದು ಹೋದರೆ ಪಾರಿಜಾತ ಎಂದರೆ ಎಷ್ಟೋ ಕಡೆ ಹಾಲುವಾಣ. ಬೇಲೂರಿನಾಚೆಯ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ, ಮುಳ್ಳಿರುವ, ಕೆಂಪು ಹೂವಿನ ಮರ. ಅದಕ್ಕೆ ಪರಿಮಳವೇ ಇಲ್ಲ. ರಾತ್ರಿ ಅರಳಿ ಬೆಳಗ್ಗೆ ಉದುರುವ, ಬಿಳಿ ಎಸಳು ಕೇಸರಿ ತೊಟ್ಟಿನ ನಮ್ಮ ಹೂವಿಗೆ ಸಂಸ್ಕೃತದಲ್ಲಿ ಶೇಫಾಲಿಕಾ ಎಂಬ ಬೇರೆ ಹೆಸರಿದೆ. ಉತ್ತರಪ್ರದೇಶದ ಬಾರಾಬಂಕಿ ಜಿಲ್ಲೆಯ ಕಿಂತೂರಿಗೆ ಹೋದರೆ ಜನ ಪಾರಿಜಾತವೆಂದು ಪೂಜಿಸುವ ಮರ ಇವೆರಡೂ ಅಲ್ಲ, ಆಫ್ರಿಕಾ ಮೂಲದ ಬಾವೊಬಾಬ್! ಹೀಗೆ ಒಂದು ಹೆಸರಿಗೆ ಮೂರು ಮರ. ಇನ್ನು ಶಾಸನಗಳಲ್ಲಿ ದಾನಿಯನ್ನು ಕಲ್ಪವೃಕ್ಷಕ್ಕೂ ಪಾರಿಜಾತಕ್ಕೂ ಹೋಲಿಸುವುದು ರೂಢಿ. ಬೇಡಿದ್ದು ಕೊಡುವವನು ಎಂಬಷ್ಟೇ ಅದರ ಅರ್ಥ. ಆ ಪಾರಿಜಾತಕ್ಕೆ ಬೇರು ಇಲ್ಲ, ನೀರು ಬೇಡ, ಹುಳವೂ ಹತ್ತುವುದಿಲ್ಲ.

ಏನಿತ್ತು ಎಂದು ಹೇಳುವುದು ಕಷ್ಟವಾದಾಗ ಏನಿರಲಿಲ್ಲ ಎಂದು ಹೇಳುವುದು ಸುಲಭ. ಒಂದು ದಿನ ಬೇಲೂರಿನ ಗುಡಿಯ ಮುಂದಿನ ಹೂವಿನಂಗಡಿಗಳ ಮುಂದೆ ನಿಂತು ಪಟ್ಟಿ ಮಾಡಿದೆ. ಚೆಂಡುಹೂ ಮೆಕ್ಸಿಕೋ ಕಡೆಯದು, ಹೊಯ್ಸಳರು ಕಂಡಿರಲಿಲ್ಲ. ಸುಗಂಧರಾಜ ಕೂಡ ಮೆಕ್ಸಿಕೋದ್ದು. ಗುಡಿಯ ಅಂಗಳಗಳಲ್ಲಿ ಸಾವಿರ ವರ್ಷದಿಂದ ಇದೆಯೇನೋ ಎನ್ನುವಂತೆ ನಿಂತಿರುವ ದೇವಕಣಗಿಲೆ ಮಧ್ಯ ಅಮೆರಿಕದಿಂದ ಬಂದದ್ದು. ಮನೆಗಳ ಮುಂದಿನ ರಾತ್ರಿರಾಣಿಯೂ ಆ ಕಡೆಯದೇ. ಪರಿಮಳದ ರಾಜ, ರಾಣಿ ಇಬ್ಬರೂ ಪರದೇಶದವರು. ಯುರೋಪಿನ ಹಡಗುಗಳು ಅಮೆರಿಕ ಮುಟ್ಟಿದ್ದು 1492ರಲ್ಲಿ, ಅಂದರೆ ದೋರಸಮುದ್ರ ಹಾಳಾಗಿ ಒಂದೂವರೆ ಶತಮಾನವಾದ ಮೇಲೆ. ಆಮೇಲಷ್ಟೇ ಇವು ಇಲ್ಲಿಗೆ ಬರಲು ಸಾಧ್ಯ. ದೇವಕಣಗಿಲೆಯ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾರೆ. ಅದರ ಹೂವಿನಲ್ಲಿ ಮಕರಂದವೇ ಇಲ್ಲ. ರಾತ್ರಿ ಪರಿಮಳ ಬೀರಿ ಪತಂಗಗಳನ್ನು ಕರೆಯುತ್ತದೆ, ಅವು ಒಂದು ಹೂವಿನಿಂದ ಇನ್ನೊಂದಕ್ಕೆ ಹುಡುಕುತ್ತ ಅಲೆದು ಪರಾಗ ಹೊತ್ತುಹಾಕಿ ಬರಿಹೊಟ್ಟೆಯಲ್ಲಿ ಹೋಗುತ್ತವೆ. ಇದನ್ನು ಅಜ್ಜಿಗೆ ಹೇಳಿದಾಗ 'ಥೂ, ಕರೆದು ಊಟಕ್ಕಿಕ್ಕದಂಗೆ ಕಳಿಸೋದಾ' ಎಂದಳು.

ಇವನ್ನೆಲ್ಲ ತೆಗೆದು ಹಾಕಿದರೆ ಉಳಿಯುವುದು ಈ ನೆಲದ ಹಳೆಯ ಗಿಡಗಳು: ಮಲ್ಲಿಗೆ, ಜಾಜಿ, ಸಂಪಿಗೆ, ಸುರಗಿ, ಕೇದಿಗೆ, ಕಣಗಿಲೆ, ನಂದಿಬಟ್ಟಲು. ನಮ್ಮ ಶೇಫಾಲಿಕೆಯೂ ಈ ದೇಶದ್ದೇ. ಇಂಥ ಗಿಡಗಳನ್ನು ಬೆಳೆಸುವ ವಿದ್ಯೆ ಕನ್ನಡದಲ್ಲಿ ಆಗಲೇ ಪುಸ್ತಕವಾಗಿತ್ತು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೂ ಸುಗಂಧ ತಯಾರಿಕೆಗೂ ಜಾಗವಿದೆ, ಅಡುಗೆಗೂ ಇದೆ. ಮನೆ ನಡೆಸುವವನಿಗೆ ಬೇಕಾದ್ದೆಲ್ಲ ಒಂದೇ ಕಡೆ ಇರಲಿ ಎನ್ನುವ ಪುಸ್ತಕ ಅದು.

ಪುಸ್ತಕಕ್ಕಿಂತ ನನಗೆ ಹೆಚ್ಚು ಕೆಲಸಕ್ಕೆ ಬಂದವನು ಹರಿಹರ. ಅವನ ಕಾಲದ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ. ಸಂಪ್ರದಾಯದ ಮಾತಿನಂತೆ ಅವನು ದೋರಸಮುದ್ರದಲ್ಲಿ ನರಸಿಂಹ ಬಲ್ಲಾಳನ ಕರಣಿಕ, ಅಂದರೆ ಲೆಕ್ಕ ಬರೆಯುವವನು. ಆಸ್ಥಾನದಲ್ಲಿ ಕೂತವನು ಇದ್ದಕ್ಕಿದ್ದಂತೆ ಕೈ ಉಜ್ಜಿಕೊಂಡನಂತೆ, ಅದೇ ಹೊತ್ತಿಗೆ ದೂರದ ಹಂಪೆಯಲ್ಲಿ ವಿರೂಪಾಕ್ಷನ ಮುಂದೆ ಹತ್ತಿದ ಬೆಂಕಿ ಆರಿತಂತೆ. ಆಮೇಲೆ ಕೆಲಸ ಬಿಟ್ಟು ಹಂಪೆಗೆ ಹೊರಟುಹೋದ. ಅಲ್ಲಿ ಅವನು ಬರೆದ 'ಪುಷ್ಪರಗಳೆ'ಯಲ್ಲಿ ರಾಜನಿಲ್ಲ, ಯುದ್ಧವಿಲ್ಲ. ಮುಂಜಾನೆ ಎದ್ದು ಹೂ ಕೊಯ್ಯಲು ಹೋಗುವುದು, ಗಿಡಗಳನ್ನು ಒಂದೊಂದಾಗಿ ಮಾತಾಡಿಸುವುದು, ಮಾಲೆ ಕಟ್ಟಿ ವಿರೂಪಾಕ್ಷನಿಗೆ ಏರಿಸುವುದು. ಇಡೀ ರಗಳೆ ಇಷ್ಟೇ.

ನನ್ನ ಊಹೆಯೊಂದಿದೆ. ಪ್ರಬಂಧದಲ್ಲಿ ಬರೆಯಲಾರೆ, ಇಲ್ಲಿ ಬರೆಯಬಹುದು. ಕರಣಿಕನ ಕೆಲಸ ಎಂದರೆ ಗುಡಿಗಳಿಗೆ ಬಿಟ್ಟ ನೆಲದ ಅಳತೆ, ಬರಬೇಕಾದ ಗದ್ಯಾಣ, ಪಣಗಳ ಲೆಕ್ಕ. 'ಹೂದೋಟಕ್ಕೆ ಇಷ್ಟು' ಎನ್ನುವ ಸಾಲನ್ನು ಹರಿಹರ ಎಷ್ಟು ಸಲ ಬರೆದಿದ್ದಿರಬಹುದು! ಗಿಡದ ಹೆಸರಿಲ್ಲದ ಆ ಸಾಲುಗಳನ್ನು ಬರೆದು ಬರೆದು ಬೇಸತ್ತವನು ಕೊನೆಗೆ ಬುಟ್ಟಿ ಹಿಡಿದು ತಾನೇ ತೋಟಕ್ಕೆ ಇಳಿದ ಎಂದುಕೊಳ್ಳುವುದು ನನಗೆ ಇಷ್ಟ. ತಖ್ತೆ ತುಂಬುತ್ತ ಕೂತ ಮಧ್ಯಾಹ್ನಗಳಲ್ಲಿ ಅವನ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

1311ರಲ್ಲಿ ಮಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ ಬಂತು. ಹದಿನೈದು ಹದಿನಾರು ವರ್ಷ ಬಿಟ್ಟು ತುಘಲಕನ ಸೈನ್ಯ ಬಂತು. ಆನೆ ಕುದುರೆ ಚಿನ್ನ ಹೋದ ಕಥೆ ಇತಿಹಾಸದ ಪುಸ್ತಕಗಳಲ್ಲಿದೆ. ತೋಟ ಏನಾಯಿತೆಂದು ಯಾರೂ ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ. ನೀರು ಹೊರುವವರು ಊರು ಬಿಟ್ಟರೆ ಮಲ್ಲಿಗೆ ಎಷ್ಟು ಬೇಸಿಗೆ ತಡೆದೀತು? ಗೋಡೆಯ ಮೇಲಿನ ಕಲ್ಲಿನ ಮರ ಒಂಬೈನೂರು ವರ್ಷ ನಿಂತಿದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾನೂ ಖುಷಿಪಟ್ಟವಳೇ. ಹಳೇಬೀಡಿನ ಗುಡಿಯ ಸುತ್ತ ಈಗ ಹಸಿರು ಹುಲ್ಲುಹಾಸಿದೆ. ಚೆನ್ನಾಗಿಯೇ ಇಟ್ಟಿದ್ದಾರೆ, ಫೋಟೊಗೆ ಒಳ್ಳೆಯದು. ಒಂದು ಸಂಜೆ ಆ ಹುಲ್ಲಿನ ಅಂಚಿನಲ್ಲಿ ಗೇಟು ಮುಚ್ಚುವವರೆಗೂ ಕೂತಿದ್ದೆ. ಒಂದು ಪತಂಗವೂ ಆ ಹುಲ್ಲಿಗೆ ಬರಲಿಲ್ಲ.

ಪತಂಗಗಳು ಬರುತ್ತಿದ್ದದ್ದು ಅಜ್ಜಿಯ ಹಿತ್ತಲಿಗೆ. ಕತ್ತಲಾಗಿ ಮೊಗ್ಗು ಬಿಚ್ಚುವ ಹೊತ್ತಿಗೆ ಹಾಕ್‌ಮಾತ್ ಎನ್ನುವ ದೊಡ್ಡ ಪತಂಗ ಬಂದು, ಕೂರದೆ, ರೆಕ್ಕೆ ಬಡಿಯುತ್ತಲೇ ಹೂವಿನ ಮುಂದೆ ನಿಲ್ಲುತ್ತದೆ. ಬಿಳಿ ಬಣ್ಣ, ಕತ್ತಲಲ್ಲಿ ಹರಡುವ ಪರಿಮಳ, ಎರಡೂ ಇಂಥ ಅತಿಥಿಗಳಿಗಾಗಿಯೇ. ಮಾವ ದೂರುತ್ತಿದ್ದ ಹುಳಗಳಲ್ಲಿ ಹೆಬ್ಬೆರಳು ಗಾತ್ರದವು, ಹಿಂಬದಿಯಲ್ಲಿ ಕೊಂಬಿರುವವು, ಇಂಥ ಪತಂಗಗಳ ಮರಿಗಳೇ. ಮಲ್ಲಿಗೆಯದೇ ಕುಟುಂಬಕ್ಕೆ ಸೇರಿದ ಗಿಡ ಇದು, ಅದಕ್ಕೇ ಮಲ್ಲಿಗೆಯ ಸೊಪ್ಪು ತಿನ್ನುವವು ಇದಕ್ಕೂ ಬರುತ್ತವೆ. ಹುಳ ಹುಡುಕಿಕೊಂಡು ಕೆಂಬೂತ ಬರುತ್ತಿತ್ತು. ಮೊದಲ ವರ್ಷ ನಾನೇ ಔಷಧಿ ಹೊಡೆಯಲು ಹೊರಟಿದ್ದೆ. 'ಅದನ್ಯಾಕ್ ಹೊಡಿತೀಯ, ಬುಡು ಮಗ. ತಿನ್ಕಂಡು ಅದೂ ಹೋಯ್ತದೆ, ಅದನ್ನ ತಿನ್ಕಂಡು ಅದೂ ಹೋಯ್ತದೆ' ಎಂದು ಅಜ್ಜಿ ತಡೆದಿದ್ದಳು. ಮೊದಲನೆಯ 'ಅದು' ಹುಳ, ಎರಡನೆಯದು ಹಕ್ಕಿ. ನೊಣ ಮತ್ತು ಹಲ್ಲಿಯನ್ನು ಕೆತ್ತಿದವನು ಹೇಳಿದ್ದೂ ಇದನ್ನೇ.

ಅಜ್ಜಿ ರಾತ್ರಿ ಮಲಗುವ ಮುಂಚೆ ಗಿಡದ ಕೆಳಗೆ ಹಳೆಯ ಬಿಳಿ ಪಂಚೆ ಹಾಸುತ್ತಾಳೆ. ನೆಲಕ್ಕೆ ಬಿದ್ದ ಹೂ ದೇವರಿಗೆ ಆಗುವುದಿಲ್ಲ, ಪಾರಿಜಾತಕ್ಕೆ ಮಾತ್ರ ಆ ನಿಯಮವಿಲ್ಲ. ಆದರೂ ಮಣ್ಣಾಗುವುದು ಬೇಡ ಎಂದು. ಪಂಚೆಯ ತುಂಬ ಕೇಸರಿ ಕಲೆಗಳು. ತೊಟ್ಟಿನ ಆ ಬಣ್ಣದಿಂದಲೇ ಹಿಂದೆ ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ಎಲೆ ಉಪ್ಪುಕಾಗದದಂತೆ ಒರಟು, ಅದರಿಂದ ಮರ ಉಜ್ಜಿ ನಯ ಮಾಡುತ್ತಿದ್ದರು. 1753ರಲ್ಲಿ ಲಿನೆಯಸ್ ಇದಕ್ಕೆ ನಿಕ್ಟಾಂಥಸ್ ಆರ್ಬರ್-ಟ್ರಿಸ್ಟಿಸ್, ದುಃಖದ ಮರ, ಎಂದು ಹೆಸರಿಟ್ಟ. ಬೆಳಗಾದರೆ ಹೂವೆಲ್ಲ ಉದುರಿ ಗಿಡ ಬೋಳಾಗಿ ಕಾಣುವುದಕ್ಕೆ ಆ ಹೆಸರು. ಬೆಳಗಾಗುವ ಮುಂಚೆ ಎದ್ದು ಆರಿಸಿದವಳಿಗೆ ಅದು ದುಃಖದ ಮರವಾಗಿ ಕಂಡದ್ದಿಲ್ಲ.

ಹಬ್ಬದ ಮಾರನೆಯ ದಿನ ಮಾವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೂದೋಟ ಇತ್ತು. ಅದಕ್ಕೆ ನೆಲ ಬಿಟ್ಟಿದ್ದರು. ಗಿಡದ ಹೆಸರು ಬರೆದಿಲ್ಲ. ಗೋಡೆಯ ಮೇಲಿರುವುದು ಈ ಗಿಡವೇ ಎಂದು ನಾನು ಹೇಳಲಾರೆ. 'ನಾಲ್ಕು ವರ್ಷ ಓದಿ ಇಷ್ಟೇನಾ!' ಎಂದು ಅವರು ನಕ್ಕರು. ಅಜ್ಜಿ ನನ್ನನ್ನು ಒಂದು ಸಲ ನೋಡಿದಳು, ಏನೂ ಅನ್ನಲಿಲ್ಲ. ಸುಳ್ಳು ಹೇಳಿದ್ದರೆ ಅವಳೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ಎಂದು ನನಗೆ ಗೊತ್ತು.

ಸಂಕ್ರಾಂತಿ ಕಳೆದ ಮೇಲೆ ಗಿಡ ಕಡಿಸಿದರು. ಅಷ್ಟರೊಳಗೆ ಅಜ್ಜಿ ಚಪ್ಪಟೆ ಬಿಲ್ಲೆಯಂಥ ಕಾಯಿಗಳನ್ನು ಆರಿಸಿ ಕಾಗದದಲ್ಲಿ ಕಟ್ಟಿಟ್ಟಿದ್ದಳು. ಒಂದು ಕಾಯಿಗೆ ಎರಡೇ ಬೀಜ. ಇಪ್ಪತ್ತು ಬೀಜ ಹಾಕಿದ್ದರಲ್ಲಿ ಹುಟ್ಟಿದ್ದು ಏಳು. ಹಾಸ್ಟೆಲಿನ ಟೆರೇಸಿನಲ್ಲಿ ಹಾಲಿನ ಪ್ಯಾಕೆಟ್ಟುಗಳಲ್ಲಿ ಇಟ್ಟಿದ್ದೆ. ನೀರು ಹೆಚ್ಚಾಗಿ ಎರಡು ಕೊಳೆತವು. ಬುಡದಲ್ಲಿ ನೀರು ನಿಲ್ಲುವುದು ಇದಕ್ಕೆ ಆಗುವುದಿಲ್ಲ ಎಂದು ಕಲಿತೆ. ಮೂರನ್ನು ಗೆಳತಿಯರು ಒಯ್ದರು.

ಜೂನ್‌ನಲ್ಲಿ ಊರಿಗೆ ಹೋದಾಗ ಶೀಟಿನ ಕೆಳಗೆ ಟ್ರ್ಯಾಕ್ಟರ್ ನಿಂತಿತ್ತು. ಅದರ ಹಿಂದೆ, ಗೋಡೆಗೂ ಕಂಬಕ್ಕೂ ನಡುವೆ, ಕಡಿದ ಬುಡದಿಂದ ನಾಲ್ಕು ಚಿಗುರು ಮೊಣಕಾಲೆತ್ತರ ಬಂದಿದ್ದವು. ಪಾರಿಜಾತ ಹಾಗೇ, ಬುಡ ಉಳಿದರೆ ಸಾಯುವುದಿಲ್ಲ. ಮಾವನಿಗೆ ಅದು ಕಾಣದೆ ಇರಲಿಲ್ಲ. ಟ್ರ್ಯಾಕ್ಟರನ್ನು ಒಂದು ಮಾರು ಮುಂದಕ್ಕೆ ನಿಲ್ಲಿಸುತ್ತಿದ್ದರು. ಚಿಗುರಿನ ಎಲೆಗಳ ಅಂಚನ್ನು ಆಗಲೇ ಏನೋ ತಿಂದಿತ್ತು.